ಎರಡನೇ ಮಾತುಗಾರ್ತಿಯ ವಯಸ್ಸು

ಇದನ್ನು ಓದಿಯೂ ಕಣ್ಣು ಒದ್ದೆಯಾಗದಿದ್ದರೆ ನನ್ನ ಹೆಸರನ್ನೇ ಬದಲಿಸಿಕೊಳ್ಳುತ್ತೇನೆ...

ಯೂನಿವರ್ಸಿಟಿಯ ಮಾನವಶಾಸ್ತ್ರ ವಿಭಾಗದಲ್ಲಿ ನಾನು ಅಟೆಂಡರ್. ಅಂದರೆ, ವಿಭಾಗ ನಡೆಯುವುದೇ ನನ್ನಿಂದ!

ನಾನು ಕೊಟ್ಟ ಟೀ ಕುಡಿದು ಡಾಕ್ಟರೇಟ್ ಪಡೆದವರು ಏನಿಲ್ಲವೆಂದರೂ ಹತ್ತು ಸಾವಿರ ಮಂದಿ...

ಅಲ್ಲಿ ಎಂ.ಎ. ಓದುತ್ತಿದ್ದ ದಾಕ್ಷಾಯಿಣಿ ಭಾಷಾವಿಜ್ಞಾನದ ಪೇಪರಿನಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಡಿಗ್ರಿಯೇ ಇಲ್ಲ.

ಆ ಪೇಪರಿಗೆ, ಕೆಲವೇ ಜನ ಆಡುವ ಸಣ್ಣ ಭಾಷೆಯೊಂದರ ಇನ್ನೂರು ಪದ ಬರೆದುಕೊಂಡು ಬರಬೇಕು. ಜೊತೆಗೆ, ಆ ಭಾಷೆಯವರು ಇಬ್ಬರು ಹತ್ತು ನಿಮಿಷ ಮಾತಾಡಿದ ರೆಕಾರ್ಡಿಂಗ್ ತರಬೇಕು.

ಕಾಡಂಚಿನ ಒಂದು ಹಾಡಿಗೆ, ಅಂದರೆ ಬುಡಕಟ್ಟಿನವರ ಪುಟ್ಟ ಊರಿಗೆ, ಹೋದಳು. ಅಲ್ಲಿ ಎಲ್ಲರ ಬಾಯಲ್ಲೂ ಕನ್ನಡ. ಹಾಡಿಯ ಹಳೆಯ ಮಾತು ಉಳಿದಿದ್ದದ್ದು ಕೇತಮ್ಮಜ್ಜಿಯ ಬಾಯಲ್ಲಿ ಮಾತ್ರ. ಅಜ್ಜಿಗೆ ವಯಸ್ಸು... ನನ್ನ ಅಂದಾಜಿನಲ್ಲಿ ನೂರಾ ಮೂವತ್ತು!

"ಅಜ್ಜೀ, ನಿಮ್ಮ ಮಾತಲ್ಲಿ ಕಣ್ಣಿಗೆ ಏನಂತೀರಿ? ಮೂಗಿಗೆ?"

"ಅಯ್ಯೋ ಕೂಸೇ... ಇಷ್ಟುದ್ದ ಬೆಳ್ದಿದ್ದೀಯ, ಮೂಗು ಯಾವ್ದು ಅಂತ ಗೊತ್ತಿಲ್ವಾ? ನಿಮ್ಮವ್ವ ಏನ್ ಕಲ್ಸುದ್ಲು ನಿಂಗ?"

ನಗುತ್ತಲೇ ಅಜ್ಜಿ ಇನ್ನೂರು ಪದವನ್ನೂ ಹೇಳಿದರು. ಆದರೆ ರೆಕಾರ್ಡಿಂಗ್?

"ಯಾರ ಕುಟ್ಟೆ ಮಾತಾಡ್ಲವ್ವಾ? ತಂಗಿ ಇದ್ಲು, ಹೋದ್ಲು. ಈಗ ನಾಯಿ ಕುಟ್ಟೆ ಆಡ್ತೀನಿ. ಅದು ಬಾಲ ಅಳ್ಳಾಡುಸ್ತದ... ಉತ್ರ ಕೊಡಾಕಿಲ್ಲ."

ದಾಕ್ಷಾಯಿಣಿ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದಳು.

"ಹಾಗಾದ್ರೆ ನನಗೇ ಕಲ್ಸಿ ಅಜ್ಜಿ."

ಒಂದು ತಿಂಗಳು ಅಲ್ಲೇ ಉಳಿದಳು. ಅಜ್ಜಿಯ ಜೊತೆ ಸೌದೆ ಆರಿಸಿದಳು, ರಾಗಿ ಬೀಸಿದಳು. ದಿನಕ್ಕೆ ಲಕ್ಷ ತಪ್ಪು ಆಡಿದಳು... (ಲಕ್ಷ ನನ್ನದು, ತಪ್ಪು ಅವಳದು.) ಕೊನೆಯ ದಿನ ಇಬ್ಬರೂ ಕೂತು ಹತ್ತು ನಿಮಿಷ ಮಾತಾಡಿದರು.

ವೈವಾ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಹುಟ್ಟಿದಾಗಿನಿಂದ ನಕ್ಕವರೇ ಅಲ್ಲ. ಟೀ ಟ್ರೇ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ರೆಕಾರ್ಡಿಂಗ್ ಓಡುತ್ತಿತ್ತು.

"ಈ ಎರಡನೇ ದನಿ ಯಾರದಮ್ಮಾ? ಅಜ್ಜಿ ಮಾತುಮಾತಿಗೂ ತಿದ್ದುತ್ತಿದ್ದಾರೆ."

ಅಜ್ಜಿಯ ಸೊಸೆ ಅಂತ ಹೇಳಿಬಿಡು ತಾಯಿ ಅಂತ ನಾನು ಕಣ್ಣಲ್ಲೇ ಸನ್ನೆ ಮಾಡಿದೆ...

"ನಾನೇ ಸರ್," ಅಂದಳು.

"ಆ ಭಾಷೆಯವರು ಇಬ್ಬರಿರಬೇಕು. ನಿಯಮ ಗೊತ್ತಿಲ್ವಾ?"

"ಗೊತ್ತು ಸರ್. ಆದ್ರೆ ಉಳಿದಿರೋದೇ ಒಬ್ಬರು."

ರೆಕಾರ್ಡಿಂಗ್ ಮುಂದುವರಿಯಿತು. ಕೊನೆಯಲ್ಲಿ ಅಜ್ಜಿ ಜೋರಾಗಿ ನಕ್ಕರು... ಆಮೇಲೆ ಏನೋ ಹೇಳುತ್ತಾ ಅತ್ತರು.

"ಏನಂದ್ರು?"

ದಾಕ್ಷಾಯಿಣಿಯ ದನಿ ಮೆತ್ತಗಾಯಿತು.

"ಮೂರು ವರ್ಷದ ಕೂಸುಗಳು ಹಿಂಗೇ ತಪ್ಪು ಮಾಡ್ತಿದ್ವು... ನಮ್ಮ ಮಾತನ್ನ ತಪ್ಪುತಪ್ಪಾಗಿ ಆಡೋ ಕೂಸು ಹಾಡೀಲಿ ನಲವತ್ತು ವರ್ಷದಿಂದ ಒಂದೂ ಇರಲಿಲ್ಲ. ಇವತ್ತು ಒಂದು ಬಂತು, ಅಂದ್ರು ಸರ್."

ಟ್ರೇಯಲ್ಲಿದ್ದ ಟೀ ಆರಿಹೋಯಿತು. ಯಾರೂ ಕೇಳಲಿಲ್ಲ.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮಾತುಗಾರರ ವಿವರ ತುಂಬಿದ್ದ ಅವಳ ಫಾರಂ ಎಳೆದುಕೊಂಡರು.

"ಎರಡನೇ ಮಾತುಗಾರ್ತಿಯ ವಯಸ್ಸು ಬರೆದೇ ಇಲ್ವಲ್ಲ?"

"ಇಪ್ಪತ್ತೆರಡು ಸರ್."

"ನಿಮ್ಮ ವಯಸ್ಸಲ್ಲಮ್ಮಾ..." ಎಂದು ಅವರೇ ಪೆನ್ನು ತೆಗೆದು 'ಮೂರು' ಎಂದು ಬರೆದರು. ಅದರ ಕೆಳಗೆ 'ಪಾಸ್'.

ಆ ದಿನ ಅತ್ತವರಲ್ಲಿ ನಾನು ಇರಲಿಲ್ಲ. ಟೀ ಬಿಸಿಯಾಗಿತ್ತು, ಹಬೆ ಕಣ್ಣಿಗೆ ಹೊಡೆಯಿತು, ಅಷ್ಟೇ...

*ತಪ್ಪಾಗಿಯಾದರೂ ಆಡುವ ಒಬ್ಬರು ಸಿಕ್ಕರೆ ಸಾಕು, ಭಾಷೆಗೆ ಮತ್ತೆ ಬಾಲ್ಯ ಬರುತ್ತದೆ.*

ನಿಮ್ಮ ಅಜ್ಜಿಯ ಮಾತಿಗೆ ಅವರ ಮಾತಲ್ಲೇ ನೀವು ಕೊನೆಯ ಸಲ ಉತ್ತರ ಕೊಟ್ಟದ್ದು ಯಾವಾಗ?