ಕಾಶೀರಾಮ ಮಾಡಿದ ಫೋನು

ಮೂರನೆಯ ಕೋಣೆಯ ಬಾಗಿಲು ತೆರೆದಿತ್ತು. ಕಾಲಿನ ಸರಪಳಿ ಹಾಸಿಗೆಯ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಕ್ಯಾಲೆಬ ಇರಲಿಲ್ಲ.

ಭಾಲ್ಕಿಯ ಅಂಚಿನಲ್ಲಿ ಮನೋರೋಗಿಗಳ ಆಶ್ರಯಧಾಮ ನಡೆಸುವ ಕಾಶೀರಾಮ ಔರಾದದಿಂದ ಆಗಷ್ಟೇ ಬಂದಿದ್ದ. ಹೆಗಲ ಚೀಲವನ್ನೂ ಇಳಿಸದೆ ಕಾವಲಿನವನನ್ನು ಕೂಗಿದ.

"ಫಕ್ರೋದ್ದೀನ, ಎಲ್ಲಿ ಅಂವ?"

"ಹಲಬರ್ಗಾಕ್ಕ ಹೋದನ್ರಿ. ನಾಲ್ಕಕ್ಕ ಅವನ ಅಣ್ಣನ ಮಗಳ ಮದ್ವಿ ಅದಲ್ರಿ. ನೀವೇ ಫೋನ್ ಮಾಡಿ ಬಿಡು ಅಂದ್ರಿ."

ನಾಲ್ಕು ತಿಂಗಳ ಹಿಂದೆ ಕ್ಯಾಲೆಬ ತಾನೇ ಸಹಿ ಹಾಕಿ ಚಿಕಿತ್ಸೆಗೆ ಬಂದಿದ್ದ. ಮಾತ್ರೆ ಹಿಡಿಸಿತು, ನಿದ್ದೆ ಮರಳಿತು, ಮನೆಗೆ ಹೋಗುತ್ತೇನೆಂದ. ಅಣ್ಣ ಸುಶೀಲಕುಮಾರ ಬಿಡಲಿಲ್ಲ. "ಮಗಳ ಮದ್ವಿ ಮುಗಿಯೋತನ ಇಟ್ಕೊಳ್ರಿ. ಬೀಗರ ಮುಂದ ಪಾಸ್ಟರ್ ದನಿ ಅಣಕಿಸಿದನಂದ್ರ ನಮ್ಮ ಮರ್ಯಾದಿ ಹೋಗ್ತದ." ಮಗಳು ಪರ್ಲ ಮಾತ್ರ ಚಿಕ್ಕಪ್ಪನೇ ಹಾಡಬೇಕೆಂದು ಹಟ ಹಿಡಿದಿದ್ದಳು.

ಯಾರ ದನಿಯನ್ನಾದರೂ ಹಾಗೇ ತೆಗೆಯುವ ಗಂಟಲು ಕ್ಯಾಲೆಬನದು. ಒಂದು ಸಂಜೆ ಕಾಶೀರಾಮನ ದನಿ ತೆಗೆದಾಗ ಕಾಶೀರಾಮನೇ ಎದ್ದು ನಿಂತ. ಉಳಿದ ರೋಗಿಗಳು ಬಿದ್ದು ಬಿದ್ದು ನಕ್ಕರು. 'ಕಾರಣವಿಲ್ಲದ ನಗು' ಎಂದು ಕಾಶೀರಾಮ ಎಲ್ಲರ ಕೇಸ್ ಶೀಟಿನಲ್ಲೂ ಬರೆದ.

ಇಂದು ಮುಂಜಾನೆ ಕ್ಯಾಲೆಬ ಕಾಶೀರಾಮನನ್ನು ಕೇಳಿದ್ದ: "ಬೀದರದ ವಕೀಲರಿಗೆ ಒಂದ ಫೋನ್ ಮಾಡ್ತೇನಿ. ಅದು ನನ್ನ ಹಕ್ಕರಿ."

"ಆಫೀಸ್ ಫೋನ್ ಕೆಟ್ಟದ."

"ನಿನ್ನಿ ಚಲೋ ಇತ್ತಲ್ರಿ."

"ಇವತ್ತ ಅದಕ್ಕೂ ತಲಿ ಕೆಟ್ಟದ."

ಹಾಗೆಂದವನೇ ಎಲ್ಲರ ಮೊಬೈಲುಗಳನ್ನು, ಫಕ್ರೋದ್ದೀನನದನ್ನೂ ಸೇರಿಸಿ, ಕಪಾಟಿನಲ್ಲಿಟ್ಟು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಔರಾದಕ್ಕೆ ಹೊರಟಿದ್ದ.

"ನಾ ಯಾವ ಫೋನೂ ಮಾಡಿಲ್ಲ. ಏನಂತು ಆ ದನಿ?" ಕಾಶೀರಾಮ ಈಗ ಫಕ್ರೋದ್ದೀನನನ್ನು ಕೇಳಿದ.

ಫಕ್ರೋದ್ದೀನ ಎದೆ ಉಬ್ಬಿಸಿ, ಮೂಗಿನಲ್ಲೇ ಗುರುಗುಟ್ಟಿದ: "'ಮಿಯಾ, ಕಿವ್ಯಾಗ ಹತ್ತಿ ಇಟ್ಕೊಂಡಿ ಏನು? ತಾನೇ ಸಹಿ ಮಾಡಿ ಬಂದಾಂವ ತಾನೇ ಸಹಿ ಮಾಡಿ ಹೋಗ್ಬಹುದು. ಕಾಯ್ದೆ ಅದ. ಸರಪಳಿ ಬಿಚ್ಚು, ಬಸ್ಸಿಗೆ ಕೂಡ್ಸು.' ನೀವೇ ಅನ್ಕೊಂಡೆ ನೋಡ್ರಿ."

ಕಾಶೀರಾಮ ತನ್ನ ಬಾಯಿ ಮುಚ್ಚಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ.

"ಅದು ಕ್ಯಾಲೆಬನ ಕೆಲಸ. ಎಲ್ಲೋ ಒಂದು ಮೊಬೈಲ್ ಬಚ್ಚಿಟ್ಟಾನ. ನಿನ್ನ ಬಕರಾ ಮಾಡ್ಯಾನ."

"ಹೌದೇನ್ರಿ. ಎಂಥಾ ಕಳ್ಳ." ಫಕ್ರೋದ್ದೀನ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಟೋಪಿ ಸರಿಮಾಡಿಕೊಂಡ.

"ಮೂರೂವರಿ ಆಗ್ಯದ. ನನ್ನ ಮೊಬೈಲಿಗೆ ಚಾರ್ಜ್ ಇಲ್ಲ. ಆಫೀಸ್ ಫೋನಿಂದ ಅವನ ಅಣ್ಣಗ ಹಚ್ಚು. ಚರ್ಚಿನ ಬಾಗಲದಾಗೇ ಹಿಡೀಲಿ."

"ಹಚ್ತೇನ್ರಿ. ಮೊದಲ ಫೋನಿನ ತಂತಿ ಕೊಡ್ರಿ ಸಾಹೇಬ್ರ," ಎಂದ ಫಕ್ರೋದ್ದೀನ. "ಮುಂಜಾನಿ ಕಿತ್ತು ಚೀಲದಾಗ ಹಾಕ್ಕೊಂಡು ಹೋಗೀರಲ್ಲ."