ಟ್ಯಾಂಕಿನ ಮೇಲಿನ ಚಂದ್ರ

ಸ್ವಲ್ಪ ಇಲ್ಲಿ ಕೇಳಿ, ಅರ್ಧಕ್ಕೆ ಎದ್ದು ಹೋಗಬೇಡಿ. ಯುಗಾದಿ ಸಂಜೆ ಚಂದ್ರನನ್ನು ನೋಡದೆ ಯಾರೂ ಹೊಸಿಲು ದಾಟಬಾರದು ಅನ್ನುವುದು ಇಂಚರಳ ಅಜ್ಜಿಯ ಕಟ್ಟಪ್ಪಣೆ. ಮೋಡವೋ, ಸರಿಯುತ್ತಲೇ ಇಲ್ಲ. ಅಮ್ಮನ ತವರಿಗೆ ಹೋಗುವ ಕೊನೆಯ ಬಸ್ಸು ಏಳೂವರೆಗೆ. ಪರೀಕ್ಷೆ ಮುಗಿದು ರಜೆ ಶುರುವಾಗಿದೆ, ಚೀಲಗಳು ಬಾಗಿಲಲ್ಲೇ ಕೂತಿವೆ. ಹೋದ ವರ್ಷವೂ ಹೀಗೇ “ನಾಳೆ ಹೋದರಾಯ್ತು” ಅಂತ ನಿಂತ ಅಮ್ಮ, ಸಂಡಿಗೆ, ಹಪ್ಪಳ, ಉಪ್ಪಿನಕಾಯಿ ಅಂತ ರಜೆ ಮುಗಿಯುವವರೆಗೂ ತಾರಸಿ ಇಳಿದಿರಲಿಲ್ಲ.

ಇಂಚರ ತಾರಸಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು.

“ಕಾಣ್ತೇನೇ?” ಅಜ್ಜಿ ಕುರ್ಚಿಯಿಂದಲೇ ಕೇಳಿದರು.

“ಇಲ್ಲ ಅಜ್ಜಿ.”

“ಹಾಗಾದ್ರೆ ನಾಳೆ ಹೊರಟ್ರಾಯ್ತು ಬಿಡು. ಬಸ್ಸು ನಾಳೇನೂ ಇರುತ್ತೆ.”

ಅಮ್ಮ ಕೈಗಡಿಯಾರ ನೋಡಿದಳು. ಇಂಚರಳಿಗೆ ತಡೆಯಲಾಗಲಿಲ್ಲ. ನೀರಿನ ಟ್ಯಾಂಕಿನ ಮೇಲಕ್ಕೆ ಬೆರಳು ಚಾಚಿ, “ಅಜ್ಜಿ, ಅಲ್ನೋಡಿ, ಸಣ್ಣ ಗೆರೆ” ಅಂದುಬಿಟ್ಟಳು.

“ಹೌದಲ್ವಾ, ನಂಗೂ ಕಾಣ್ತು,” ಅನ್ನುತ್ತಾ ಅಪ್ಪ ಕೈ ಮುಗಿದ. ಅಮ್ಮನೂ ಮುಗಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, ತಾವೂ ಕೈ ಮುಗಿದರು.

“ಆಯ್ತು, ಹೊರಡಿ.”

ಅಪ್ಪ ಅಮ್ಮ ದಡದಡ ಮೆಟ್ಟಿಲಿಳಿದರು. ಹಿಂದೆಯೇ ಓಡುತ್ತಿದ್ದ ಇಂಚರಳ ಜಡೆಯನ್ನು ಅಜ್ಜಿ ಮೆಲ್ಲಗೆ ಹಿಡಿದರು.

“ಯುಗಾದಿ ಚಂದ್ರ ಪೂರ್ವದಲ್ಲಿ ಕಾಣಲ್ಲ ಕಣೇ. ಮುಂದಿನ ವರ್ಷ ಪಶ್ಚಿಮಕ್ಕೆ ಬೆರಳು ತೋರ್ಸು.”

ನೀವಾಗಿದ್ದರೆ ಆಗ ಬಸ್ಸಿಗೆ ಓಡುತ್ತಿದ್ದಿರಾ, ಅಜ್ಜಿಯ ಕಾಲಿಗೆ ಬೀಳುತ್ತಿದ್ದಿರಾ?