ಹಲ್ಲಿಲ್ಲದ ಕೆಂಚಿ

ತಂತಿಬೇಲಿಯನ್ನು ಕಿತ್ತು, ಸುರುಳಿ ಸುತ್ತಿ ಟ್ರ್ಯಾಕ್ಟರಿಗೆ ಹೇರಿಯಾಗಿತ್ತು. ಕಲ್ಲುಕಂಬಗಳೂ ಹೋಗಿ ಸಾಲಾಗಿ ಗುಳಿಗಳಷ್ಟೇ ಉಳಿದಿದ್ದವು. ಗುಡ್ಡ ಎದುರಿಗೇ ಇತ್ತು, ಅಡ್ಡ ಹಾಕುವವರು ಯಾರೂ ಇರಲಿಲ್ಲ. ಆದರೂ ಭೂತಮ್ಮನ ಎಂಬತ್ತು ಕುರಿಗಳು ಆ ಗುಳಿಗಳ ಸಾಲಿಗೆ ಬಂದು ನಿಂತವು ನೋಡಿ, ಒಂದು ಹೆಜ್ಜೆ ಮುಂದಕ್ಕಿಲ್ಲ. ಮುದುಕಿ ಕೋಲು ಬೀಸಿದಳು, ಬೈದಳು, ಮುಂದಿದ್ದ ಟಗರಿನ ಕೊಂಬು ಹಿಡಿದು ಎಳೆದಳು. ಟಗರು ಕಾಲೂರಿ ಹಿಂದಕ್ಕೇ ಜಗ್ಗಿತು. ಕಾಡುಗೊಲ್ಲರ ಹಟ್ಟಿಗೆ ಹಟ್ಟಿಯೇ ನಿಂತು ನೋಡುತ್ತಿತ್ತು.

ಏಳು ವರ್ಷದ ಹಿಂದೆ ಪಟ್ಟಣದ ಪರಿಸರ ಟ್ರಸ್ಟಿನವರು ದಾನಿಗಳ ದುಡ್ಡಿನಲ್ಲಿ ಈ ಗುಡ್ಡ ಕೊಂಡು ಬೇಲಿ ಹಾಕಿದ್ದರು. ಉದ್ದೇಶವೇನೋ ಒಳ್ಳೆಯದೇ, ನೆಲ ಉಳಿಸಬೇಕು. ಹಟ್ಟಿಯವರು ತಾತ ಮುತ್ತಾತನ ಕಾಲದಿಂದ ಇಲ್ಲೇ ಕುರಿ ಕಾಯ್ದವರು, ಆದರೆ ಕಾಗದದಲ್ಲಿ ಅವರ ಹೆಸರಿರಲಿಲ್ಲ. ಹೆಸರಿಲ್ಲದವರನ್ನು ಕೇಳುವುದೇನು? ಕುರಿ ಬಾಯಿ ಹಾಕಿದರೆ ಗುಡ್ಡ ಬೋಳಾಗುತ್ತದೆ ಎಂದು ಓದಿದವರು ಹೇಳಿದರು, ಮುಗಿಯಿತು. ಕುರಿ ಹೋದ ಮೇಲೆ ಹುಲ್ಲು ಎದೆಮಟ್ಟ ಬೆಳೆದು, ಒಣಗಿ, ಎರಡು ಬೇಸಿಗೆ ಹೊತ್ತಿ ಉರಿಯಿತು. ಉರಿದ ಕಡೆಯೆಲ್ಲ ಲಂಟಾನ ಹಬ್ಬಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಇವರು ಬಾಗಿಲು ತೆಗೆಯಲು ಬಂದರು, ಅಷ್ಟರಮಟ್ಟಿಗೆ ಮೆಚ್ಚಲೇಬೇಕು.

ಬೆಳಿಗ್ಗೆ ಟ್ರಸ್ಟಿನ ಅಧ್ಯಕ್ಷೆ ಪುಷ್ಪಲತಾ ಹಟ್ಟಿಯ ನಡುವೆ, ಕೊಟ್ಟ ಕುರ್ಚಿಯಲ್ಲಿ ಕೂರದೆ ನಿಂತೇ ಕಾಗದ ಓದಿದ್ದರು. "ನಿಮ್ಮನ್ನು ಕೇಳದೆ ಬೇಲಿ ಹಾಕಿದ್ದು ನಮ್ಮ ತಪ್ಪು. ಗುಡ್ಡವನ್ನು ಹಟ್ಟಿಯ ಸಂಘಕ್ಕೆ ಬರೆದುಕೊಟ್ಟಿದ್ದೇವೆ. ಇನ್ನು ನೀವು ಕರೆಯದೆ ನಾವು ಅಲ್ಲಿ ಕಾಲಿಡುವುದಿಲ್ಲ."

"ಮಾತೇನೋ ಚೆನ್ನಾಗೈತೆ ಕಣವ್ವ," ಎಂದಿದ್ದಳು ಭೂತಮ್ಮ. "ಕುರಿ ಒಳೀಕೆ ಹೋಗ್ಲಿ. ಆಗ ನಂಬ್ತೀನಿ."

ಈಗ ಕುರಿಯೇ ಹೋಗದು. ಪುಷ್ಪಲತಾ ಕಂಗಾಲಾಗಿ ಕೇಳಿದರು, "ಬೇಲಿ ಪೂರ್ತಿ ತೆಗೆಸಿದ್ದೇವಲ್ಲಮ್ಮ?"

"ನೆಲದಿಂದ ತೆಗ್ಸಿದ್ದೀರಿ. ಇವುಗಳ ತಲೆಯಿಂದ ಯಾರು ತೆಗೀತಾರೆ? ಎಲ್ಲಾ ಬೇಲಿ ಬಂದ್ಮೇಲೆ ಹುಟ್ಟಿದ್ವು. ಮುಳ್ಳುತಂತಿಗೆ ಮೂತಿ ತರಚ್ಕಂಡೇ ಬೆಳ್ದವೆ."

"ಬುಡು ಅತ್ಗೆ, ನಾಳೆ ನೋಡಾನ," ಎಂದ ಮೈದುನ ದೊಡ್ಡರಂಗಯ್ಯ. "ಕುರಿಗೂ ಒಂದ್ಸಲ ಆ ಕಾಗದ ಓದಿ ಹೇಳ್ಬೇಕೇನೋ!"

ಜನ ಗೊಳ್ಳೆಂದು ನಕ್ಕರು. ಭೂತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗುಡ್ಡ ಬಂದೇ ಬರುತ್ತದೆ ಎಂದು ಏಳು ವರ್ಷ ಕಂಡಕಂಡವರಿಗೆಲ್ಲ ಹೇಳಿ ನಗೆಪಾಟಲಾದವಳು ಅವಳು. ಬಂದ ದಿನವೂ ನಗೆಪಾಟಲೇ? ಕೋಲನ್ನು ದೊಡ್ಡರಂಗಯ್ಯನ ಕೈಗೆ ತುರುಕಿ, ಸೆರಗು ಬಿಗಿದು ಕುರಿ ರೊಪ್ಪದ ಕಡೆ ದಾಪುಗಾಲು ಹಾಕಿದಳು. ವಾಪಸು ಬಂದಾಗ ಜೊತೆಯಲ್ಲಿ ಕೆಂಚಿ ಇತ್ತು.

ಕೆಂಚಿ ಅಂದರೆ ಹಲ್ಲುದುರಿದ, ಒಂದು ಕಣ್ಣಿಗೆ ಪೊರೆ ಬಂದ ಮುದಿ ಕುರಿ. ಮೂರು ಸಲ ದೊಡ್ಡರಂಗಯ್ಯನೇ ಕಸಾಯಿಯವನನ್ನು ಕರೆತಂದಿದ್ದ, ಮೂರು ಸಲವೂ ಭೂತಮ್ಮ ಅವನನ್ನು ಬೈದು ಅಟ್ಟಿದ್ದಳು. ಮೇಯಲಾಗದ ಕುರಿಗೆ ಕೊಬ್ಬರಿ ಹಿಂಡಿ ನೆನೆಸಿ ತಿನ್ನಿಸುತ್ತಿದ್ದಳು. ಮುದುಕಿಗೆ ಅರಳುಮರಳು ಎಂದು ಹಟ್ಟಿ ಆಡಿಕೊಂಡಿತ್ತು.

"ಯಾಕ್ ಸಾಕ್ದೆ ಅಂತ ಕೇಳ್ತಿದ್ಯಲ್ಲ, ಈಗ ನೋಡ್ಲಾ," ಎಂದಳು. "ಬೇಲಿ ಹಾಕಿದ್ ವರ್ಸ ಇದಕ್ಕೆ ಎರಡೇ ಹಲ್ಲು ಬಂದಿದ್ವು, ಎಳೇ ಪ್ರಾಯ. ಗುಡ್ಡ ಮೇಯ್ದಿರೋ ಕುರಿ ಅಂತ ಉಳ್ದಿರೋದು ಇದೊಂದೇ."

ಕೆಂಚಿ ಮಂದೆಯನ್ನು ಸೀಳಿಕೊಂಡು ಮುಂದೆ ಬಂತು. ಬಂದು, ಅದೂ ಗುಳಿಗಳ ಸಾಲಿನಲ್ಲಿ ನಿಂತಿತು. ಭೂತಮ್ಮ ಕೂಗಲಿಲ್ಲ, ಹಿಂದಿನಿಂದ ದೂಡಲಿಲ್ಲ. ಹಟ್ಟಿಯ ದೇವರು ಜುಂಜಪ್ಪನನ್ನು ನೆನೆದು ಸುಮ್ಮನೆ ನಿಂತಳು. ಕೆಂಚಿ ಮೂತಿ ತಗ್ಗಿಸಿ ನೆಲ ಮೂಸಿತು. ಕಿವಿ ನಿಮಿರಿತು. ಮುಂಗಾಲು ಎತ್ತಿ ಆಚೆಗಿಟ್ಟಿತು. ಆಮೇಲೆ ಅದಕ್ಕೆ ಯಾರ ಹಂಗೂ ಬೇಕಾಗಲಿಲ್ಲ. ಲಂಟಾನದ ಪೊದೆಗಳ ನಡುವೆ ಯಾರ ಕಣ್ಣಿಗೂ ಕಾಣದ ಹಳೆಯ ಜಾಡು ಹಿಡಿದು, ಕುಂಟುತ್ತ, ಬಂಡೆ ಮೇಲಿನ ನೀರಿನ ದೊಣೆಯ ಕಡೆಗೆ ನೆಟ್ಟಗೆ ನಡೆಯಿತು.

ಮೊದಲು ಟಗರು ದಾಟಿತು. ಹಿಂದೆಯೇ ನಾಲ್ಕು ಕುರಿ, ಆಮೇಲೆ ಕೋಡಿ ಬಿದ್ದ ಕೆರೆಯ ಹಾಗೆ ಇಡೀ ಮಂದೆ ನುಗ್ಗಿತು. ಹಟ್ಟಿಯವರು ಕೇಕೆ ಹಾಕಿದರು. ದೊಡ್ಡರಂಗಯ್ಯ ತಲೆಯ ಟವೆಲ್ಲು ಬಿಚ್ಚಿ ಗಾಳಿಗೆ ಬೀಸುತ್ತ, "ಗೆದ್ದೆ ಅತ್ಗೆ, ಗೆದ್ದೆ! ತಪ್ಪಾಯ್ತು ಕಣವ್ವ ಕೆಂಚಿ!" ಎಂದು ಕುಣಿದ. ಭೂತಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತ ಏಳು ವರ್ಷದ ಮೇಲೆ ಗುಡ್ಡಕ್ಕೆ ಕಾಲಿಟ್ಟಳು.

ಹತ್ತು ಮಾರು ಹತ್ತಿ ಹಿಂದಿರುಗಿ ನೋಡಿದಳು. ಹಟ್ಟಿಯ ಜನವೆಲ್ಲ ಒಳಗಿತ್ತು. ಗುಳಿಗಳ ಸಾಲಿನಾಚೆ ಪುಷ್ಪಲತಾ ಒಬ್ಬರೇ ಉಳಿದಿದ್ದರು, ಕಾಗದ ಕೈಯಲ್ಲೇ ಇತ್ತು.

"ಯಾಕವ್ವ, ಅಲ್ಲೇ ನಿಂತ್ಕಂಡೆ?"

"ನೀವು ಕರೆಯಬೇಕಲ್ಲಮ್ಮ."

ಭೂತಮ್ಮ ಮಂದೆಯನ್ನು ಕರೆಯುವಾಗ ಎತ್ತುವ ಹಾಗೆಯೇ ಕೈ ಎತ್ತಿದಳು.

"ಬಾರವ್ವ, ಬಾ. ಕೆಂಚಿ ಹಿಂದೇನೇ ಬಾ. ದಾರಿ ಗೊತ್ತಿಲ್ದಿರೋ ಮರಿಗಳೆಲ್ಲ ಹಂಗೇ ಬಂದಿದ್ದು."